ನೆಲ ಮುಟ್ಟದ ಸ್ಟೆಪ್ನಿ

ಆಕ್ರನ್, ಒಹಾಯೊ
ಸೋಮವಾರ, 21 ಜೂನ್ 2004

ಮಾನ್ಸ್‌ಫೀಲ್ಡಿನಲ್ಲಿರುವ ನನ್ನ ಅಣ್ಣ ಬಬ್‌ಗೆ, ನಿನ್ನ ತಂಗಿ ವರ್ನಾ ಬರೆಯುವುದು.

ನಾನು ಕ್ಷೇಮ. ನೀನು ಕ್ಷೇಮವೇ ಎಂದು ಕೇಳುವುದಿಲ್ಲ, ನಿನ್ನೆ ತಾನೇ ಕಣ್ಣಾರೆ ನೋಡಿದ್ದೇನೆ. ಚರ್ಚಿನ ಹಿಂದಿನ ಹುಲ್ಲುಹಾಸಿನಲ್ಲಿ, ನಿನ್ನ ಹಸಿರು ಓಲ್ಡ್ಸ್‌ಮೊಬೈಲಿನಿಂದ ಮೂರು ಹೆಜ್ಜೆ ದೂರದಲ್ಲಿ, ನೀನು ಟೋಪಿ ಕೈಯಲ್ಲಿ ಹಿಡಿದು ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಪ್ರದರ್ಶನದಲ್ಲಿ ತೀರ್ಪುಗಾರರು ಕಾರು ನೋಡುವಾಗ ಯಜಮಾನ ತುಟಿ ಬಿಚ್ಚಬಾರದು ಎನ್ನುವುದು ನಮ್ಮ ಹಳೇ ಕಾರುಗಳ ಕ್ಲಬ್ಬಿನ ನಿಯಮ. ಆ ನಿಯಮ ನಿನಗೆ ಇಷ್ಟು ಅನುಕೂಲಕ್ಕೆ ಬಂದೀತೆಂದು ನಾನು ಎಣಿಸಿರಲಿಲ್ಲ.

ಫೋನಿದ್ದೂ ಕಾಗದ ಯಾಕೆ ಅನ್ನುತ್ತೀಯ. ಫೋನಿನಲ್ಲಿ ನೀನು ಒಂದು ನಗೆ ಮಾತು ಹೇಳಿ ನುಣುಚಿಕೊಳ್ಳುತ್ತೀಯ. ನಾನು ಚಾಪೆ ಕೆಳಗೆ ತೂರಿದರೆ ನೀನು ರಂಗೋಲಿ ಕೆಳಗೆ ತೂರುವ ಗಂಡಸು. ಕಾಗದವಾದರೆ ಪೂರ್ತಿ ಓದಲೇಬೇಕು, ನಡುವೆ ಬಾಯಿ ಹಾಕಲು ಬರುವುದಿಲ್ಲ.

ನನಗೆ ಸಂಶಯದ ರೋಗ ಎಂದು ಊರೆಲ್ಲ ಹೇಳುತ್ತದೆ. ಇರಬಹುದು. ಅಂಗಡಿಯಲ್ಲಿ ಮೊಟ್ಟೆಯ ಡಬ್ಬಿ ತೆರೆದು ಹನ್ನೆರಡನ್ನೂ ತಿರುಗಿಸಿ ನೋಡಿದ ಮೇಲೆಯೇ ಬುಟ್ಟಿಗೆ ಹಾಕುತ್ತೇನೆ. ಪಾದ್ರಿ ಉಪದೇಶದಲ್ಲಿ ಯಾವುದೋ ಅಧ್ಯಾಯದ ಯಾವುದೋ ವಚನ ಎಂದರೆ ಮನೆಗೆ ಬಂದು ಬೈಬಲ್ ತೆಗೆದು ಸರಿಯೇ ಎಂದು ನೋಡುತ್ತೇನೆ. ಇಲ್ಲಿಯವರೆಗೆ ಎರಡು ಸಲ ಸಿಕ್ಕಿಬಿದ್ದಿದ್ದಾನೆ. ಆದರೆ ಬಬ್, ಇದು ನನಗೆ ಹುಟ್ಟಿನಿಂದ ಬಂದ ರೋಗವಲ್ಲ. ಇದನ್ನು ಅಂಟಿಸಿದವನು ನೀನು, ಅಂಟಿಸಿದ ದಿನ 1970ರ ಆಗಸ್ಟ್ 22, ಶನಿವಾರ.

ಅದಕ್ಕೆ ಮೊದಲು ಆ ವರ್ಷದ ಮೇ ತಿಂಗಳನ್ನು ನೆನಪು ಮಾಡಿಕೊ. ಹೊಸ ಕಾರು ಕೊಂಡು ಒಂದು ವಾರವಾಗಿರಲಿಲ್ಲ, ನೀನು ಅದನ್ನು ಅಪ್ಪನಿಗೆ ತೋರಿಸಲು ತಂದೆ. ಬೇರೆ ಊರಿನವರಾದರೆ ಹೊಸ ಕಾರಿನ ಬಾನೆಟ್ ಎತ್ತಿ ಎಂಜಿನ್ ನೋಡುತ್ತಾರೆ, ಸೀಟಿನ ಮೇಲೆ ಕೈಯಾಡಿಸುತ್ತಾರೆ. ಟೈರು ಮಾಡಿ ಬದುಕುವ ನಮ್ಮೂರಿನಲ್ಲಿ ಮೊದಲು ಮಂಡಿಯೂರಿ ಟೈರಿನ ಪಕ್ಕೆಯ ಮೇಲಿನ ಹೆಸರು ಓದುತ್ತಾರೆ. ಬೇರೆ ಕಾರ್ಖಾನೆಯ ಟೈರು ಹಾಕಿಕೊಂಡು ಬಂದ ಕಾರನ್ನು ನಮ್ಮ ಗೇಟಿನೊಳಗೆ ನಿಲ್ಲಿಸಲು ಯಾರಿಗೂ ಮುಖವಿರಲಿಲ್ಲ. ಅಪ್ಪ ಇಪ್ಪತ್ತೊಂಬತ್ತು ವರ್ಷ ಟೈರು ಕಟ್ಟಿದವನು, ಆ ಹೊತ್ತಿಗಾಗಲೇ ಕಾರ್ಖಾನೆಯ ಕಪ್ಪು ಪುಡಿ ಕುಡಿದು ಕುಡಿದು ಎದೆ ಕಟ್ಟಿಹೋಗಿತ್ತು. ಆದರೂ ನಾಲ್ಕು ಚಕ್ರಕ್ಕೂ ನಾಲ್ಕು ಸಲ ಮಂಡಿಯೂರಿದ. ಡಿಕ್ಕಿ ತೆಗೆಸಿ ಸ್ಟೆಪ್ನಿಯ ಹೆಸರನ್ನೂ ಓದಿದ. ಐದೂ ನಮ್ಮದೇ ಕಾರ್ಖಾನೆಯವು. ಆಮೇಲೆ ಎದ್ದು ನಿಂತು ಹೇಳಿದ್ದನ್ನು ನೀನೂ ಮರೆತಿರಲಾರೆ. "ಟೈರಿಗಿರೋ ನಿಯತ್ತು ಯಜಮಾನನಿಗಿಲ್ಲ. ಗಡಿಯಾರ ಹಿಡಿಯೋನು ನನ್ನ ಬಾಗಿಲು ತುಳೀಬೇಡ."

ನೀನು ಮಾನ್ಸ್‌ಫೀಲ್ಡಿನ ಒಂದು ಕಾರ್ಖಾನೆಯಲ್ಲಿ ಸ್ಟಾಪ್‌ವಾಚ್ ಹಿಡಿದು ಕೆಲಸಗಾರರ ಬೆನ್ನ ಹಿಂದೆ ನಿಲ್ಲುವ ಕೆಲಸಕ್ಕೆ ಸೇರಿದ್ದೆ. ಒಬ್ಬ ಎಷ್ಟು ಸೆಕೆಂಡಿಗೆ ಒಂದು ತುಂಡು ಮುಗಿಸುತ್ತಾನೆ ಎಂದು ಬರೆದುಕೊಳ್ಳುವವನು, ಮುಂದಿನ ತಿಂಗಳು ಅವನಿಂದ ಇನ್ನೂ ಎರಡು ಹೆಚ್ಚು ಕೇಳುವವರಿಗೆ ಲೆಕ್ಕ ಕೊಡುವವನು. ಅಪ್ಪನಂಥವರ ಪಾಲಿಗೆ ಅದಕ್ಕಿಂತ ಕೀಳು ಕೆಲಸ ಭೂಮಿ ಮೇಲಿರಲಿಲ್ಲ. ನೀನು ಡಿಕ್ಕಿ ಮುಚ್ಚಿದೆ. ಕಾರು ಹತ್ತಿ ಹೋದೆ. ಅಮ್ಮ ಮಾಡಿಟ್ಟಿದ್ದ ಬೀನ್ಸು, ಮೆಕ್ಕೆಜೋಳದ ಬ್ರೆಡ್ಡು ಮೇಜಿನ ಮೇಲೆ ಹಾಗೇ ಆರಿತು.

ಆಗಸ್ಟ್ ಹೊತ್ತಿಗೆ ಅಪ್ಪ ಆಸ್ಪತ್ರೆ ಸೇರಿದ್ದ, ಮೂರನೇ ಮಹಡಿ, ಕಿಟಕಿ ಪಕ್ಕದ ಮಂಚ. ಆ ಶನಿವಾರ ಬೆಳಗ್ಗೆ ಡಾಕ್ಟರು ಇವತ್ತೇ ಎಂದರು. ನಾನು ನಿನಗೆ ಫೋನ್ ಮಾಡಿದೆ. ಮಧ್ಯಾಹ್ನ ಒಂದು ಗಂಟೆಯೊಳಗೆ ಬರುತ್ತೇನೆ ಎಂದು ನೀನು ಹೇಳಿದೆ. ಒಂದಾಯಿತು, ಎರಡಾಯಿತು, ಮೂರಾಯಿತು. ಅಪ್ಪ ನಾಲ್ಕು ಇಪ್ಪತ್ತಕ್ಕೆ ಹೋದ. ನೀನು ಏಳು ಗಂಟೆಗೆ ಮನೆ ಬಾಗಿಲಿಗೆ ಬಂದೆ. ಮೊಣಕೈವರೆಗೆ ಗ್ರೀಸು. "ಆಶ್‌ಲ್ಯಾಂಡ್ ದಾಟ್ತಿದ್ದಂಗೆ ಮುಂದಿನ ಟೈರ್ ಹೊಡೀತು ಸಿಸ್. ಪಕ್ಕೆ ಸೀಳಿಹೋಗಿತ್ತು. ಸ್ಟೆಪ್ನಿ ಹಾಕೋಣ ಅಂದ್ರೆ ಜಾಕ್ ಜಾರ್ತು, ಕಾರು ಚರಂಡಿ ಕಡೆ ವಾಲ್ತು. ಯಾರೂ ನಿಲ್ಲಿಸ್ಲಿಲ್ಲ." ಒಡೆದ ಟೈರು ಎಲ್ಲಿ ಎಂದು ನಾನು ಕೇಳಿದೆ. ಪೆಟ್ರೋಲ್ ಬಂಕಿನಲ್ಲಿ ಬಿಸಾಕಿ ಸ್ಟೆಪ್ನಿಯ ಮೇಲೆಯೇ ಬಂದೆ ಎಂದು ನೀನು ಹೇಳಿದೆ.

ಅಮ್ಮ ನಿನ್ನ ಗ್ರೀಸು ಮೆತ್ತಿದ ಕೈಯನ್ನೇ ನೋಡಿ ಒಂದೇ ಮಾತು ಹೇಳಿದಳು. "ಟೈರ್ ಮಾಡೋರ ಮನೇಲಿ ಹುಟ್ಟಿ, ಟೈರ್ ಬದಲಾಯಿಸೋಕೆ ಆರು ಗಂಟೆ ಬೇಕಾಯ್ತಾ ನಿಂಗೆ?" ಅವಳು ಸಾಯುವವರೆಗೆ, ಇಪ್ಪತ್ತೊಂದು ವರ್ಷ, ಅದೇ ಮಾತನ್ನು ನಿನಗೆ ಬಡಿಸಿದಳು, ಕೆಲವೊಮ್ಮೆ ಊಟದ ಮೊದಲು, ಕೆಲವೊಮ್ಮೆ ಊಟದ ಜೊತೆಗೆ. ಪ್ರತಿ ಸಲವೂ ನಿನ್ನ ಪರ ವಹಿಸಿದವಳು ನಾನು. "ಅವನದೇನು ತಪ್ಪಮ್ಮ, ಟೈರಿನ ತಪ್ಪು" ಎನ್ನುತ್ತಿದ್ದೆ. ಟೈರಿನ ತಪ್ಪು ಎಂದರೆ ಯಾರ ತಪ್ಪು ಎಂದು ನನಗೆ ಗೊತ್ತಿತ್ತು. ನಿನಗೂ ಗೊತ್ತಿತ್ತು ಬಬ್.

ಆಗ ನಾನು ಅಪ್ಪನ ಟೈರು ಕಾರ್ಖಾನೆಯಲ್ಲೇ ಕೊನೆಯ ತಪಾಸಣೆಯ ಮೇಜಿನಲ್ಲಿದ್ದೆ. ಎಂಟು ವರ್ಷದಿಂದ ಅದೇ ಕೆಲಸ. ಟೈರನ್ನು ತಿರುಗಿಸಿ, ಒಳಗೆ ಕೈ ಹಾಕಿ ಸವರಿ, ಪಕ್ಕೆ ಒತ್ತಿ ನೋಡಿ, ಸರಿಯಿದ್ದರೆ ಹಳದಿ ಶಾಯಿಯಲ್ಲಿ ನನ್ನ ಸಂಖ್ಯೆಯ ಮೊಹರು ಒತ್ತುವುದು. ನನ್ನ ಸಂಖ್ಯೆ 47. ಆ ಮೊಹರು ನನಗೆ ಮದುವೆ ಉಂಗುರಕ್ಕಿಂತ ಹೆಚ್ಚಾಗಿತ್ತು, ಉಂಗುರ ಆಮೇಲೆ ಹೇಗೂ ಹೋಯಿತೆನ್ನು. ನೀನು ಪಕ್ಕೆ ಸೀಳಿತು ಎಂದ ದಿನದಿಂದ ನನ್ನ ತಲೆಯಲ್ಲಿ ಒಂದೇ ಯೋಚನೆ. ಆ ಟೈರು ನಮ್ಮ ಕಾರ್ಖಾನೆಯದು. ಅದು ಹೊರಟ ವಾರಗಳಲ್ಲಿ ಆ ಸಾಲಿನಲ್ಲಿ ಮೊಹರು ಒತ್ತುತ್ತಿದ್ದವರು ನಾವು ಮೂವರು. ಹಾಗಾದರೆ ಅಪ್ಪನ ಕೊನೆಯ ಗಳಿಗೆಯಲ್ಲಿ ಮಗನನ್ನು ದಾರಿಯಲ್ಲಿ ತಡೆದದ್ದು ನನ್ನದೇ ಕೈಯೋ ಏನೋ. ಅಂತ್ಯಕ್ರಿಯೆ ಮುಗಿದ ದಿನ ನಿನ್ನನ್ನು ಹಿತ್ತಲಿಗೆ ಕರೆದು ಕೇಳಿದೆ, ಆ ಟೈರಿನ ಮೇಲೆ ಹಳದಿ ಸಂಖ್ಯೆ ಏನಿತ್ತು ಎಂದು. ನೀನು ಸಿಗರೇಟಿನ ತುದಿ ನೋಡುತ್ತಾ "ನೋಡ್ಲಿಲ್ಲ ಸಿಸ್" ಎಂದೆ. "ಇಲ್ಲ, ನಿಂದಲ್ಲ" ಎಂದಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ. ಅಷ್ಟೊಂದು ಸುಳ್ಳು ಹೇಳಿದವನಿಗೆ ಇನ್ನೊಂದು ಹೇಳಲು ಏನಾಗಿತ್ತು?

ಮರುವಾರ ಫೋರ್‌ಮನ್ನನ ಬಳಿ ಹೋಗಿ ಮೊಹರು ಒತ್ತುವ ಕೆಲಸ ನನಗೆ ಬೇಡ ಎಂದೆ. ಮೊಹರನ್ನು ಕೈಚೀಲದಲ್ಲಿ ಹಾಕಿಕೊಂಡು ಮನೆಗೆ ತಂದೆ, ಯಾರೂ ವಾಪಸು ಕೇಳಲಿಲ್ಲ, ಆ ಸಂಖ್ಯೆಯನ್ನು ಮತ್ತೆ ಯಾರಿಗೂ ಕೊಡಲಿಲ್ಲ. ನನ್ನನ್ನು ವಾಪಸು ಬಂದ ಟೈರುಗಳ ಕೋಣೆಗೆ ಹಾಕಿದರು. ಗಿರಾಕಿಗಳು ದೂರು ಹೇಳಿ ಕಳಿಸಿದ ಒಡೆದ, ಸೀಳಿದ, ಉಬ್ಬಿದ ಟೈರುಗಳನ್ನು ಕತ್ತರಿಸಿ ಯಾಕೆ ಕೆಟ್ಟಿತು ಎಂದು ಬರೆಯುವ ಕೆಲಸ. ಕಾರ್ಖಾನೆ ಮುಚ್ಚುವವರೆಗೆ ಹನ್ನೆರಡು ವರ್ಷ ಅಲ್ಲಿದ್ದೆ. ಪಕ್ಕೆ ಸೀಳಿದ ಟೈರು ಮೇಜಿಗೆ ಬಂದಾಗಲೆಲ್ಲ ಮೊದಲು ಹುಡುಕುತ್ತಿದ್ದದ್ದು ಹಳದಿ ಶಾಯಿಯನ್ನು. 47 ಕಂಡರೆ ಅನ್ನ ಇಳಿಯುತ್ತಿರಲಿಲ್ಲ, ಕಾಣದಿದ್ದರೆ ಅಳಿಸಿಹೋಗಿರಬೇಕು ಎಂಬ ಸಂಶಯ. ಹಳೇ ಟೈರು ಮುಟ್ಟಿ ಹುಟ್ಟಿದ ವಾರ ಹೇಳುತ್ತಾಳೆ ಎಂದು ಕಾರಿನ ಹುಚ್ಚರು ನನ್ನನ್ನು ಊರೂರಿಗೆ ಕರೆಯುತ್ತಾರಲ್ಲ, ಆ ವಿದ್ಯೆ ನಾನು ಕಲಿತದ್ದು ಹೀಗೆ.

ಈಗ ನಿನ್ನೆಯ ಮಾತಿಗೆ ಬರುತ್ತೇನೆ. ಮಾರ್ಚಿನಲ್ಲಿ ನಿನ್ನ ಫೋನ್ ಬಂದಾಗಲೇ ನನ್ನ ಮೂಗಿಗೆ ವಾಸನೆ ಬಡಿಯಿತು. ನಿನ್ನ ಎದೆಯ ಆಪರೇಷನ್ ಆಗಿ ಎರಡು ತಿಂಗಳಾಗಿರಲಿಲ್ಲ. "ಸಿಸ್, ಈ ಸಲ ಅಪ್ಪಂದಿರ ದಿನದ ಪ್ರದರ್ಶನಕ್ಕೆ ನಮ್ಮ ಹಸಿರಮ್ಮನ್ನ ತರ್ತೀನಿ. ಟೈರ್ ನೀನೇ ನೋಡ್ಬೇಕು. ಸ್ಟೆಪ್ನಿ ಸಮೇತ." ಮೂವತ್ತನಾಲ್ಕು ವರ್ಷದಲ್ಲಿ ಆ ಕಾರನ್ನು ನೀನು ಯಾವ ಪ್ರದರ್ಶನಕ್ಕೂ ತಂದವನಲ್ಲ. ಅದರ ಡಿಕ್ಕಿಯೊಳಗೆ ನಾನು ಒಂದು ಸಲವೂ ಇಣುಕಿದವಳಲ್ಲ. ಕ್ರಿಸ್ಮಸ್ಸಿಗೆ ಬಂದರೆ ಪೆಟ್ಟಿಗೆಗಳು ಹಿಂದಿನ ಸೀಟಿನ ಮೇಲೆ. ಅಮ್ಮನ ಅಂತ್ಯಕ್ರಿಯೆಯ ದಿನ ಹೂವಿನ ಚಕ್ರಗಳನ್ನು ಡಿಕ್ಕಿಯಲ್ಲಿಡೋಣ ಎಂದರೆ ನೀನು "ಬೀಗ ಹಿಡ್ಕೊಂಡಿದೆ" ಎಂದೆ. ಸ್ಮಶಾನದವರೆಗೆ ನಾನು ಅವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಡಿಕ್ಕಿ ಎಂದಾಗಲೆಲ್ಲ ನೀನು ಕೀಲಿಕೈ ಮುಟ್ಟಿಕೊಳ್ಳುತ್ತಿದ್ದೆ. ಆಗ ನನಗೆ ಹೊಳೆಯಲಿಲ್ಲ. ಲೋಕವನ್ನೆಲ್ಲ ಸಂಶಯಪಟ್ಟವಳು ನಿನ್ನೊಬ್ಬನನ್ನು ಬಿಟ್ಟಿದ್ದೆ.

ತಂಗಿ ಅಣ್ಣನ ಕಾರಿಗೆ ಅಂಕ ಕೊಡುವ ಹಾಗಿಲ್ಲ. ಅದಕ್ಕೇ ಹಾರ್ಲನ್ ಯೋಡರ್ ಜೊತೆಗಿದ್ದ, ಶಾಲಾ ಬಸ್ಸುಗಳ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು. "ಅಂಕ ನಾನ್ ಹಾಕ್ತೀನಿ ವರ್ನಾ. ಸ್ಟೆಪ್ನಿ ಅಸಲಿಯೋ ನಕಲಿಯೋ ಅಷ್ಟು ಹೇಳು. ನಿಮ್ಮಣ್ಣ ಅಂತ ಮುಲಾಜು ನೋಡ್ಬೇಡ" ಎಂದ. ಡಿಕ್ಕಿ ತೆರೆದ ಕೂಡಲೇ ನನ್ನ ಕಣ್ಣಿಗೆ ಬಿದ್ದದ್ದು ಸ್ಟೆಪ್ನಿ ಹಿಡಿದಿದ್ದ ಬೋಲ್ಟು. ಅದರ ತಲೆಯ ಮೇಲೆ ಹೊಸದಾಗಿ ಪಾನಾ ಆಡಿದ ಹೊಳಪು. ಇತ್ತೀಚೆಗೆ ಯಾರೋ ಬಿಚ್ಚಿ ಹಾಕಿದ್ದಾರೆ.

ಆಮೇಲೆ ಟೈರಿನ ಅಂಚು ಸವರಿದೆ, ಕೈಗೆ ಕೂದಲು ಸಿಕ್ಕಿತು. ಅಚ್ಚಿನಿಂದ ಹೊರಬಂದ ಹೊಸ ಟೈರಿನ ಮೇಲೆ ರಬ್ಬರಿನ ಸಣ್ಣ ಸಣ್ಣ ಎಳೆಗಳಿರುತ್ತವೆ, ರಸ್ತೆಗಿಳಿದ ಕೆಲವೇ ಮೈಲಿಗೆ ನೆಲ ಕಚ್ಚುವ ಕಡೆಯವು ಉದುರಿಹೋಗುತ್ತವೆ. ಇದರ ಮೇಲೆ ಒಂದೂ ಉದುರಿರಲಿಲ್ಲ. ಆಶ್‌ಲ್ಯಾಂಡಿನಿಂದ ಆಕ್ರನ್ನಿಗೆ ಓಡಿದ ಟೈರು ಇದಾಗಿರಲು ಸಾಧ್ಯವಿಲ್ಲ.

ಕೇಳು ಬಬ್, ಆ ಗಳಿಗೆಯಲ್ಲಿ ನಾನು ದೇವರಲ್ಲಿ ಬೇಡಿಕೊಂಡದ್ದು ಏನು ಗೊತ್ತೇ? ಇದು ನಕಲಿಯಾಗಿರಲಿ ಎಂದು. ನನ್ನಣ್ಣ ಬಹುಮಾನದ ಆಸೆಗೆ ಎಲ್ಲಿಂದಲೋ ಹಳೇ, ಬಳಸದ ಟೈರೊಂದನ್ನು ತಂದು ಇಟ್ಟಿರಲಿ, ಸಣ್ಣ ಕಳ್ಳನಾಗಿರಲಿ ಎಂದು. ಅಂಥವರನ್ನು ನಾನು ಎಷ್ಟು ಜನರನ್ನು ಹಿಡಿದಿಲ್ಲ. ಅಂಟು ಹಚ್ಚಿ ಕೂದಲು ಕೂರಿಸಿದವರುಂಟು, ಸಂಖ್ಯೆ ಉಜ್ಜಿ ಬೇರೆ ಕೊರೆದವರುಂಟು. ನೀನೂ ಅವರಲ್ಲೊಬ್ಬ ಎಂದಾದರೆ ನಿನ್ನ ಕಿವಿ ಹಿಂಡಿ ಮನೆಗೆ ಕರೆದು ಊಟ ಹಾಕುತ್ತಿದ್ದೆ. ಆದ್ದರಿಂದ ನಿನ್ನೆ ನಾನು ಮಾಡಿದ್ದು ತಪಾಸಣೆಯಲ್ಲ, ನಿನ್ನನ್ನು ಸಣ್ಣ ಕಳ್ಳನನ್ನಾಗಿ ಮಾಡುವ ಹೋರಾಟ.

ಒಂದು ಕೂದಲು ಕಿತ್ತೆ. ಅಂಟಲ್ಲ, ಮೈಯಿಂದಲೇ ಬೆಳೆದದ್ದು. ಹಾರ್ಲನ್‌ನಿಂದ ಸ್ಟೆಪ್ನಿ ಎತ್ತಿಸಿ ಕಂಬಳಿಯ ಮೇಲೆ ಮಗುಚಿಸಿದೆ. ಅದು ಇದ್ದ ಜಾಗದಲ್ಲಿ ಮಡಿಸಿದ ಚೀಟಿಯೊಂದು ಬಿದ್ದಿತ್ತು. ಕಾರು ಜೋಡಿಸಿದವರು ಬಿಟ್ಟ ಚೀಟಿ ಇರಬೇಕು, ಅಂಥದ್ದು ಸಿಕ್ಕರೆ ಕ್ಲಬ್ಬಿನವರು ಕುಣಿದಾಡುತ್ತಾರೆ ಎಂದುಕೊಂಡು ಬಿಚ್ಚದೆ ನನ್ನ ಟಿಪ್ಪಣಿ ಪುಸ್ತಕದೊಳಗೆ ಸೇರಿಸಿದೆ. ನನ್ನ ಗಮನವೆಲ್ಲ ಟೈರಿನ ಪಕ್ಕೆಯ ಸಂಖ್ಯೆಯ ಮೇಲಿತ್ತು. ನಮ್ಮ ಕಾರ್ಖಾನೆಯಲ್ಲಿ ಕೊನೆಯ ಮೂರು ಅಂಕಿ ಹುಟ್ಟಿದ ದಿನ ಹೇಳುತ್ತಿದ್ದವು, ಮೊದಲೆರಡು ವಾರ, ಕೊನೆಯದು ವರ್ಷ. ಇಲ್ಲಿ 110. ಹನ್ನೊಂದನೇ ವಾರ, ಸೊನ್ನೆ ಇಸವಿ. ಕಾರು ಹುಟ್ಟಿದ್ದು ಏಪ್ರಿಲ್ ಮೂರನೇ ವಾರ, ಟೈರು ಐದು ವಾರ ದೊಡ್ಡದು, ಲೆಕ್ಕ ಸರಿ. ಆದರೂ ನಾನು ಬಿಡಲಿಲ್ಲ. ಸೊನ್ನೆ ಎಂದರೆ ಎಪ್ಪತ್ತೇ ಯಾಕಾಗಬೇಕು, ಎಂಬತ್ತೂ ಆಗಬಹುದಲ್ಲ. ಎಂಬತ್ತರಲ್ಲಿ ಕೊಂಡದ್ದಾದರೆ ನಿನ್ನ ಕಥೆ ಉಳಿಯುತ್ತದೆ. ಹಾರ್ಲನ್‌ಗೂ ಹಾಗೇ ಹೇಳಿದೆ. ಅವನು ಗಡ್ಡ ಕೆರೆದುಕೊಂಡು "ಅದ್ಸರಿ, ಇಲ್ಲೇನೋ ಹಳದಿ ಇದೆ ನೋಡು" ಎಂದ.

ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಿದೆ. 47.

ಮೂವತ್ತನಾಲ್ಕು ವರ್ಷದಿಂದ ಒಡೆದ ಟೈರುಗಳ ಮೇಲೆ ಹುಡುಕಿದ್ದು ಒಡೆಯದ ಟೈರಿನ ಮೇಲೆ ಕೂತಿತ್ತು. ಎಪ್ಪತ್ತರ ಆಗಸ್ಟ್ ಆದ ಮೇಲೆ 47ರ ಮೊಹರು ಬಿದ್ದ ಒಂದು ಟೈರೂ ಈ ಊರಿನಿಂದ ಹೊರಟಿಲ್ಲ, ಯಾಕೆಂದರೆ ಆ ಮೊಹರು ನನ್ನ ಅಡುಗೆಮನೆಯ ಡ್ರಾಯರಿನಲ್ಲಿದೆ. ನಿನ್ನ ಸುಳ್ಳಿನಿಂದ ನಾನು ಬಿಟ್ಟ ಕೆಲಸವೇ ನಿನ್ನ ಸುಳ್ಳಿಗೆ ಸಾಕ್ಷಿ ಹೇಳಿತು. ಕೊನೆಯ ಆಸೆಯೊಂದು ಉಳಿದಿತ್ತು, ಅದೇ ವಯಸ್ಸಿನ ಬೇರೆ ಕಾರಿನ ಟೈರು ಇರಬಹುದು ಎಂದು. ರಿಮ್ಮಿನ ಐದು ತೂತುಗಳಲ್ಲಿ ಬೆರಳು ಹಾಕಿದೆ. ಬಣ್ಣ ಚೂರೂ ಎದ್ದಿರಲಿಲ್ಲ, ನಟ್ಟು ಕಂಡ ತೂತುಗಳಲ್ಲ ಅವು. ಡಿಕ್ಕಿಯ ಹಾಸಿನತ್ತ ಬಗ್ಗಿದೆ. ರಬ್ಬರು ಕೂತಲ್ಲಿ ಕಂದು ಕಲೆ ಬಿಡುತ್ತದೆ, ವರ್ಷಗಟ್ಟಲೆ ಕೂತರೆ ಉಬ್ಬಿದ ಅಕ್ಷರಗಳನ್ನೂ ಒತ್ತುತ್ತದೆ. ಹಾಸಿನ ಮೇಲೆ ನಮ್ಮ ಕಾರ್ಖಾನೆಯ ಹೆಸರು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ಅಚ್ಚಾಗಿತ್ತು, ಅದರ ಪಕ್ಕ ತಿರುಗಿದ 110. ಈ ಟೈರು ಹುಟ್ಟಿದಾಗಿನಿಂದ ಅಲ್ಲೇ ಮಲಗಿತ್ತು.

ನಿನ್ನ ಕಡೆ ತಿರುಗಿ ನೋಡಿದೆ. ನೀನು ಷೂ ತುದಿ ನೋಡುತ್ತಿದ್ದೆ. ಹಾರ್ಲನ್ ಕೇಳಿದ, "ಏನಂತ ಬರ್ಕೊಳ್ಳಿ?" ಅಸಲಿ, ಒಮ್ಮೆಯೂ ಬಳಸಿಲ್ಲ ಎಂದೆ. ನನ್ನ ಬಾಯಿಂದ ಅಷ್ಟು ಕಷ್ಟದಲ್ಲಿ ಹೊರಟ ನಿಜ ಇನ್ನೊಂದಿಲ್ಲ. ಅವನು ಸಂತೋಷಪಟ್ಟು "ಪುಣ್ಯವಂತ ನಿಮ್ಮಣ್ಣ, ಮೂವತ್ನಾಲ್ಕು ವರ್ಷ ಒಂದ್ ಪಂಕ್ಚರ್ ಕಂಡಿಲ್ಲ" ಎಂದ. ನಾನು ಊಟಕ್ಕೂ ನಿಲ್ಲದೆ, ನಿನಗೊಂದು ಮಾತೂ ಹೇಳದೆ ಮನೆಗೆ ಬಂದೆ. ನಿನ್ನ ಕೈಗೆ ಬಹುಮಾನದ ಬಟ್ಟಲು ಕೊಟ್ಟರಂತೆ, ನೀನು ಅದನ್ನು ತೆಗೆದುಕೊಳ್ಳುವಾಗ ನನ್ನನ್ನು ಹುಡುಕಿದೆಯಂತೆ. ಹಾರ್ಲನ್ ಫೋನ್ ಮಾಡಿ ಹೇಳಿದ.

ದಾರಿಯುದ್ದಕ್ಕೂ ನಿನ್ನ ಮೇಲೆ ಏನೇನು ಆರೋಪ ಹೊರಿಸಿದೆ ಎಂದು ಬರೆದರೆ ಕಾಗದ ನಾಚಿಕೊಳ್ಳುತ್ತದೆ. ಅಪ್ಪ ಉಸಿರಿಗೆ ಒದ್ದಾಡುವಾಗ ಇವನು ಯಾವ ಬಾರಿನಲ್ಲಿ ಕೂತಿದ್ದ? ಆಶ್‌ಲ್ಯಾಂಡಿನಲ್ಲಿ ಆ ಕೆಂಪು ಕೂದಲಿನವಳೊಬ್ಬಳಿದ್ದಳಲ್ಲ, ಅವಳ ಮನೆಯಲ್ಲೋ? ಗ್ರೀಸನ್ನು ಯಾವ ಡಬ್ಬಿಯಿಂದ ತೆಗೆದು ಮೆತ್ತಿಕೊಂಡ? ಇಪ್ಪತ್ತೊಂದು ವರ್ಷ ಅಮ್ಮನೆದುರು ನಿನ್ನ ಪರ ಮಾತಾಡಿದ ನಾಲಗೆಯನ್ನು ಕಚ್ಚಿಕೊಳ್ಳಬೇಕೆನಿಸಿತು. ನನ್ನ ಮೊಹರು, ನನ್ನ ಮೇಜು, ಮೊಟ್ಟೆ ತಿರುಗಿಸಿ ನೋಡುವ ನನ್ನ ಈ ಬಾಳು, ಎಲ್ಲ ಒಂದು ಸುಳ್ಳಿನ ಮೇಲೆ ಓಡಿತ್ತು. ಇನ್ನು ಈ ಜನ್ಮದಲ್ಲಿ ನಿನ್ನ ಮುಖ ನೋಡಬಾರದು ಎಂದು ನಿಶ್ಚಯಿಸಿಯೇ ಕಾರಿನಿಂದ ಇಳಿದೆ.

ಸಂಜೆ ಚಹಾ ಮಾಡಿಕೊಂಡು ಕೂತಾಗ ಚೀಟಿಯ ನೆನಪಾಯಿತು. ಬಿಚ್ಚಿದೆ. ಕಾರು ಜೋಡಿಸಿದವರದ್ದಲ್ಲ. ಆಸ್ಪತ್ರೆಯ ಕಾರು ನಿಲ್ದಾಣದ ಚೀಟಿ. ನೇರಳೆ ಶಾಯಿ ಮಾಸಿದ್ದರೂ ಓದಲು ಬರುತ್ತದೆ. 22 ಆಗಸ್ಟ್ 1970. ಒಳಗೆ 12.52. ಹೊರಗೆ 5.10.

ಎರಡು ಸಲ ಓದಿದೆ, ಕನ್ನಡಕ ಒರೆಸಿ ಮೂರನೇ ಸಲ ಓದಿದೆ. ನೀನು ಹೇಳಿದ ಹೊತ್ತಿಗಿಂತ ಎಂಟು ನಿಮಿಷ ಮೊದಲೇ ಬಂದಿದ್ದೆ. ನಾಲ್ಕು ಗಂಟೆಗೂ ಹೆಚ್ಚು ಹೊತ್ತು ಕೆಳಗೆ ಕಾರಿನಲ್ಲಿ ಕೂತಿದ್ದೆ, ಮೂರು ಮಹಡಿ ಹತ್ತಲಿಲ್ಲ. ಗಡಿಯಾರ ಹಿಡಿಯುವವನು ಬಾಗಿಲು ತುಳಿಯಬೇಡ ಎಂದಿದ್ದ ಅಪ್ಪ, ನೀನು ತುಳಿಯಲಿಲ್ಲ. ನಾನೂ ಅಮ್ಮನೂ ಐದು ಗಂಟೆಗೆ ಕೆಳಗಿಳಿದು ನೆಲ ನೋಡಿಕೊಂಡು ಬಸ್ಸಿನ ಕಡೆ ನಡೆದೆವು. ಅಮ್ಮನ ಕೈಯಲ್ಲಿ ಅಪ್ಪನ ಬೂಟುಗಳಿದ್ದವು. ನೀನು ಆ ಬೂಟುಗಳನ್ನು ನೋಡಿರಬೇಕು. ಆಮೇಲೆ ಹತ್ತು ನಿಮಿಷಕ್ಕೆ ಹೊರಟಿದ್ದೀಯ.

ಆದರೆ ನಾನು ತಪಾಸಣೆಯವಳು, ಅತ್ತು ಸುಮ್ಮನಾಗುವವಳಲ್ಲ. ಭೂತಗನ್ನಡಿ ತಂದೆ. ರಬ್ಬರಿನ ಅಡಿಯಲ್ಲಿ ಕಾಗದವಿಟ್ಟರೆ ಒಂದೆರಡು ವರ್ಷಕ್ಕೇ ಚಹಾ ಚೆಲ್ಲಿದಂತೆ ಕಂದಾಗುತ್ತದೆ. ಈ ಚೀಟಿ ಸಿಕ್ಕಿದ್ದು ಹಾಸಿನ ಮೇಲಿನ ಕಂದು ಕಲೆಯ ನಟ್ಟನಡುವೆ, ಇದರ ಮೈಮೇಲೆ ಕಲೆಯೇ ಇಲ್ಲ. ಮೂಸಿ ನೋಡಿದೆ. ಟೈರಿನ ವಾಸನೆಯಲ್ಲ, ಸಿಗಾರ್ ಡಬ್ಬಿಯದು. ನೀನು ನಿನ್ನ ಪದಕ, ಅಪ್ಪನ ಯೂನಿಯನ್ ಬಿಲ್ಲೆ ಇಡುವ ಆ ಡಬ್ಬಿ. ಬೋಲ್ಟಿನ ಮೇಲಿನ ಪಾನಾ ಗುರುತು ಯಾರದೆಂದು ಆಗ ಗೊತ್ತಾಯಿತು. ನನ್ನ ತೀರ್ಪು ಬರೆದುಕೊ. ಟೈರು ಅಸಲಿ. ಚೀಟಿ ಅಸಲಿ. ಚೀಟಿ ಇದ್ದ ಜಾಗ ನಕಲಿ. ಮೊನ್ನೆ ಮೊನ್ನೆ ನೀನೇ ತಂದು ಅಲ್ಲಿಟ್ಟಿದ್ದೀಯ, ನನ್ನ ಕೈಗೆ ಸಿಗಲಿ ಎಂದು. ಬಾಯಲ್ಲಿ ಹೇಳಲಾಗದ್ದನ್ನು ಹೇಳಲು ಒಂದು ಕಾರು, ಒಂದು ಪ್ರದರ್ಶನ, ಒಬ್ಬ ತೀರ್ಪುಗಾರ ಬೇಕಾದವು ನಿನಗೆ. ನಮ್ಮ ಟ್ಯಾಕೆಟ್ ಮನೆತನದ ಗಂಡಸರಿಗೆ ಎದೆ ಸೀಳಿಸಿಕೊಳ್ಳುವುದು ಸುಲಭ, ಬಿಚ್ಚುವುದು ಕಷ್ಟ.

ನಿನ್ನನ್ನು ಕ್ಷಮಿಸಿದೆನೇ ಎಂದು ಕೇಳಬೇಡ. ನನ್ನ 47ಕ್ಕಾಗಿ ಇನ್ನೂ ಬಹಳ ಕೋಪವಿದೆ, ಅದು ಇರುತ್ತದೆ. ಆದರೆ ನಿನ್ನ ಚೀಟಿ ನನ್ನದೊಂದು ತಪ್ಪನ್ನೂ ಹೊರಗೆಳೆದಿದೆ. ಅದನ್ನು ನಾನು ಯಾರಿಗೂ, ಅಮ್ಮನಿಗೂ, ಹೇಳಿರಲಿಲ್ಲ.

ಆ ದಿನ ಎರಡು ಗಂಟೆಯ ಸುಮಾರಿಗೆ ಅಮ್ಮ ನೀರು ತರಲು ಹೋಗಿದ್ದಳು. ಅಪ್ಪ ದಿಂಬಿಗೆ ಒರಗಿ ಕಿಟಕಿಯ ಕಡೆ ತಿರುಗಿದ್ದ. ಹೇಳಿದ, "ಕೆಳಗೆ ಹುಡುಗನ ಹಸಿರು ಕಾರು ನಿಂತಿದೆ. ಮುಂದಿನ ಚಕ್ರ ಓರೆ ಮಾಡಿ ನಿಲ್ಸಿದ್ದಾನೆ ನೋಡು, ಟೈರ್ ಹಾಳಾಗುತ್ತೆ. ನೇರ ಮಾಡೋಕೆ ಹೇಳು." ನೋವಿನ ಔಷಧಿ ತಲೆಗೇರಿದೆ ಎಂದುಕೊಂಡೆ. ಅಲ್ಲಿ ಯಾವ ಕಾರೂ ಇಲ್ಲಪ್ಪ, ಬಬ್ ಇನ್ನೂ ದಾರಿಯಲ್ಲಿದ್ದಾನೆ ಎಂದೆ. ಅಪ್ಪ ಮತ್ತೆ ಹೇಳಿದ, "ಗಡಿಯಾರ ಕೈಲಿದ್ರೂ ಪರವಾಗಿಲ್ಲ, ಬರ್ಲಿ. ಅವಸರ ಮಾಡ್ಬೇಡ ಅವನ್ನ. ಬರ್ತಾನೆ." ಆಮೇಲೆ ಅವನು ಮಾತಾಡಲಿಲ್ಲ. ಸುಖವಾಗಿಯೇ ಇದ್ದ, ಕಿಟಕಿ ನೋಡುತ್ತಾ.

ಬಬ್, ಲಕ್ಷಾಂತರ ಟೈರು ತಿರುಗಿಸಿ ನೋಡಿದ ನಾನು ಆ ದಿನ ಕುರ್ಚಿಯಿಂದೆದ್ದು ಎರಡು ಹೆಜ್ಜೆ ನಡೆದು ಕಿಟಕಿಯಲ್ಲಿ ಇಣುಕಿ ನೋಡಲಿಲ್ಲ. ನೋಡಿದ್ದರೆ ಕೆಳಗಿಳಿದು ನಿನ್ನ ಕಾಲರ್ ಹಿಡಿದು ಮೇಲೆ ತರುತ್ತಿದ್ದೆ. ಔಷಧಿಯ ಬಡಬಡಿಕೆಯನ್ನು ಹೇಳಿ ನಿನ್ನ ಹೊಟ್ಟೆ ಉರಿಸುವುದೇಕೆಂದು ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ನಿನ್ನೆ ಹುಲ್ಲುಹಾಸಿನಲ್ಲೂ ನಿನ್ನ ಕಾರಿನ ಮುಂದಿನ ಚಕ್ರಗಳು ಓರೆಯಾಗಿಯೇ ಇದ್ದವು. ಅಪ್ಪ ನಿನ್ನನ್ನು ಕಂಡ. ನೀನು ಬಂದಿದ್ದೀಯ ಎಂದು ತಿಳಿದೇ ಹೋದ. ಇದೂ ತಪಾಸಣೆಯಾದ ಮಾತು, ಬೇಕಾದರೆ ಮೊಹರು ಒತ್ತಿ ಕೊಡುತ್ತೇನೆ.

ಬರುವ ಭಾನುವಾರ ಮಧ್ಯಾಹ್ನ ಊಟಕ್ಕೆ ಬಾ. ಕೋಳಿ ಹುರಿಯುತ್ತೇನೆ, ಖಾರದ ಅನ್ನವೂ ಇರುತ್ತದೆ, ನಿನ್ನ ಡಾಕ್ಟರಿಗೆ ಹೇಳಬೇಡ. ಹಸಿರಮ್ಮನಲ್ಲೇ ಬಾ. ಚಕ್ರ ನೇರ ಮಾಡಿ ನಿಲ್ಲಿಸು. ನನ್ನ ಮನೆ ಎರಡನೇ ಮಹಡಿ ಎಂದು ನಿನಗೆ ಗೊತ್ತು, ಬಾಗಿಲಿಗೆ ಚಿಲಕ ಹಾಕಿರುವುದಿಲ್ಲ. ಮೇಲೆ ಬರಲು ಕಾಲು ಏಳದಿದ್ದರೆ ಕಾರಿನಲ್ಲೇ ಕೂತಿರು, ಅವಸರವಿಲ್ಲ. ಈ ಸಲ ಕಿಟಕಿಯ ಹತ್ತಿರ ನಾನಿರುತ್ತೇನೆ. ನೋಡಿದ ಕೂಡಲೇ ಇಳಿದು ಬರುತ್ತೇನೆ.

ನಿನ್ನ ಹೊಲಿದ ಎದೆ ಗಟ್ಟಿಯಾಗಿರಲಿ, ದಾರಿಯಲ್ಲಿ ನಿನ್ನ ಯಾವ ಟೈರೂ ಒಡೆಯದಿರಲಿ.

ನಿನ್ನ ತಂಗಿ
ವರ್ನಾ, ತಪಾಸಣೆ ಸಂಖ್ಯೆ 47